ವೈರ್‌ಲೆಸ್ ಕಾರ್ಬನ್ ಮೊನಾಕ್ಸೈಡ್ ಡಿಟೆಕ್ಟರ್: ಆಯ್ಕೆಯಿಂದ ಅಲಾರಂ ಕೂಗುವ ಗಳಿಗೆಯವರೆಗೆ ಸಮಗ್ರ ಮಾರ್ಗದರ್ಶಿ

ಕಾರ್ಬನ್ ಮೊನಾಕ್ಸೈಡ್‌ಗೆ ಬಣ್ಣವಿಲ್ಲ, ವಾಸನೆಯಿಲ್ಲ, ರುಚಿಯಿಲ್ಲ. ಕಣ್ಣು ಉರಿಯುವುದಿಲ್ಲ, ಕೆಮ್ಮೂ ಬರುವುದಿಲ್ಲ. ಅಡುಗೆ ಅನಿಲ ಸೋರಿದರೆ ಮೂಗಿಗೆ ಬಡಿಯಲಿ ಎಂದು ಅದಕ್ಕೆ ಮೊದಲೇ ಘಾಟು ಬೆರೆಸಿರುತ್ತಾರೆ. ಇದು ಹಾಗಲ್ಲ, ಬೆಂಕಿ ಉರಿಯುವ ಜಾಗದಲ್ಲೇ ಹುಟ್ಟುತ್ತದೆ. ಘಾಟು ಬೆರೆಸಲು ಯಾರಿಗೂ ಅವಕಾಶವೇ ಸಿಗುವುದಿಲ್ಲ. ಗ್ಯಾಸ್, ಸೀಮೆಎಣ್ಣೆ, ಪೆಟ್ರೋಲ್, ಡೀಸೆಲ್, ಸೌದೆ, ಇದ್ದಿಲು, ಹೀಗೆ ಇಂಗಾಲವಿರುವ ಯಾವ ಇಂಧನವಾದರೂ ಸಾಕಷ್ಟು ಆಮ್ಲಜನಕ ಸಿಗದೆ ಅರೆಬರೆ ಉರಿದರೆ ಈ ಅನಿಲ ಬರುತ್ತದೆ. ಗ್ಯಾಸ್ ಗೀಸರ್, ಒಲೆ, ಹೀಟರ್, ಜನರೇಟರ್, ಮನೆಗೆ ಅಂಟಿದ ಗ್ಯಾರೇಜಿನಲ್ಲಿ ಚಾಲೂ ಇಟ್ಟ ಕಾರು, ಕೋಣೆಯೊಳಗೆ ತಂದಿಟ್ಟ ಕೆಂಡದ ಅಗ್ಗಿಷ್ಟಿಕೆ ಎಲ್ಲವೂ ಇದರ ಮೂಲಗಳೇ.

ಉಸಿರಿನ ಜೊತೆ ಒಳಗೆ ಹೋದ ಕಾರ್ಬನ್ ಮೊನಾಕ್ಸೈಡ್ ರಕ್ತದ ಹಿಮೋಗ್ಲೋಬಿನ್‌ಗೆ ಆಮ್ಲಜನಕಕ್ಕಿಂತ ಇನ್ನೂರು ಪಟ್ಟಿಗೂ ಹೆಚ್ಚು ಬಿಗಿಯಾಗಿ ಅಂಟಿಕೊಳ್ಳುತ್ತದೆ. ಮೊದಲು ತಲೆನೋವು, ತಲೆಸುತ್ತು, ವಾಕರಿಕೆ, ಸುಸ್ತು. ಆಮೇಲೆ ಗೊಂದಲ. ಆ ಗೊಂದಲವೇ ದೊಡ್ಡ ಅಪಾಯ, ಏಕೆಂದರೆ ಹೊರಗೆ ಓಡಬೇಕು ಎಂದು ತೀರ್ಮಾನಿಸಬೇಕಾದ ಮಿದುಳೇ ಮಂಕಾಗಿರುತ್ತದೆ. ಮಲಗಿದ್ದವರಿಗೆ ಅಷ್ಟೂ ಗೊತ್ತಾಗುವುದಿಲ್ಲ, ನಿದ್ದೆ ಆಳವಾಗುತ್ತ ಹೋಗುತ್ತದೆ. ಡಿಟೆಕ್ಟರ್ ಮಾಡಬೇಕಾದ ಕೆಲಸ ಒಂದೇ: ಮಲಗಿದವರನ್ನು ಹೊತ್ತು ಮೀರುವ ಮುಂಚೆ ಎಬ್ಬಿಸುವುದು.

ಬಹಳ ಮಂದಿ ವೈರ್‌ಲೆಸ್ ಡಿಟೆಕ್ಟರ್ ಕೊಳ್ಳುವುದು ಮೊಬೈಲಿಗೆ ಸಂದೇಶ ಬರುತ್ತದೆ ಎಂಬ ಆಸೆಗೆ. ಅದು ಒಳ್ಳೆಯದೇ. ಆದರೆ ಸಂದೇಶ ಬರಲು ವೈಫೈ, ಇಂಟರ್ನೆಟ್, ಕಂಪನಿಯ ಸರ್ವರ್, ಮೊಬೈಲಿನ ಸೆಟ್ಟಿಂಗ್ ನಾಲ್ಕೂ ಸರಿಯಿರಬೇಕು. ಮಲಗುವ ಕೋಣೆಯಲ್ಲಿ ಮೊಳಗುವ ಸೈರನ್‌ಗೆ ಬ್ಯಾಟರಿ ಇದ್ದರೆ ಸಾಕು. ಹಾಗಾಗಿ ಈ ಬರಹದ ಉದ್ದಕ್ಕೂ ನನ್ನ ಒಲವು ಒಂದೇ ಕಡೆಗೆ: ಮೊದಲು ಕಿವಿ, ಆಮೇಲೆ ಮೊಬೈಲ್.

ಕೊಳ್ಳುವ ಮುನ್ನ ಡಬ್ಬಿಯ ಮೇಲೆ ಏನು ನೋಡಬೇಕು

ಮೊದಲ ತೊಡಕು ಹೆಸರಿನಲ್ಲೇ ಇದೆ. 'ಗ್ಯಾಸ್ ಡಿಟೆಕ್ಟರ್' ಎಂದು ಮಾರುವ ಎಲ್ಲವೂ ಕಾರ್ಬನ್ ಮೊನಾಕ್ಸೈಡ್ ಪತ್ತೆ ಹಚ್ಚುವುದಿಲ್ಲ. ಎಲ್‌ಪಿಜಿ ಅಥವಾ ನೈಸರ್ಗಿಕ ಅನಿಲದ ಸೋರಿಕೆ ಹಿಡಿಯುವ ಯಂತ್ರ ಬೇರೆ, ಹೊಗೆ ಹಿಡಿಯುವುದು ಬೇರೆ. 'ಏರ್ ಕ್ವಾಲಿಟಿ ಮಾನಿಟರ್' ಎಂದು ಬರುವ ಚಂದದ ಪರದೆಯ ಡಬ್ಬಿಗಳಲ್ಲಿ ಹೆಚ್ಚಿನವು ಅಳೆಯುವುದು ಕಾರ್ಬನ್ ಡೈಆಕ್ಸೈಡನ್ನು. ಅದು ನಾವು ಹೊರಬಿಡುವ ಉಸಿರಿನ ಅನಿಲ, ಇದಕ್ಕೂ ಅದಕ್ಕೂ ಸಂಬಂಧವಿಲ್ಲ. ಡಬ್ಬಿಯ ಮೇಲೆ 'ಕಾರ್ಬನ್ ಮೊನಾಕ್ಸೈಡ್ ಅಲಾರಂ' ಎಂದು ಸ್ಪಷ್ಟವಾಗಿರಬೇಕು. ಎರಡು ಮೂರು ಅನಿಲಗಳನ್ನು ಒಟ್ಟಿಗೆ ಹಿಡಿಯುವ ಸಂಯುಕ್ತ ಯಂತ್ರಗಳೂ ಇವೆ. ಹೊಗೆ ಮತ್ತು ಕಾರ್ಬನ್ ಮೊನಾಕ್ಸೈಡ್ ಜೋಡಿ ಪರವಾಗಿಲ್ಲ. ಆದರೆ ಎಲ್‌ಪಿಜಿ ಗಾಳಿಗಿಂತ ಭಾರ, ನೆಲದ ಹತ್ತಿರ ಕೂರುತ್ತದೆ, ಅದರ ಸೆನ್ಸರ್ ಕೆಳಗಿರಬೇಕು. ಹೀಗಿರುವಾಗ ಎರಡನ್ನೂ ಒಂದೇ ಡಬ್ಬಿಯಲ್ಲಿ ಇಟ್ಟರೆ ಯಾವುದಾದರೂ ಒಂದಕ್ಕೆ ಜಾಗ ತಪ್ಪುತ್ತದೆ.

ಎರಡನೆಯದು ಮಾನದಂಡ. ಅಮೆರಿಕದ ಯುಎಲ್ 2034 ಅಥವಾ ಯುರೋಪಿನ ಇಎನ್ 50291 ಎಂಬ ಗುರುತು ಇರಲಿ. ಇಎನ್ 50291ರಲ್ಲಿ ಎರಡು ಭಾಗವಿದೆ: ಮೊದಲನೆಯದು ಮನೆಗೆ, ಎರಡನೆಯದು ದೋಣಿ, ಕಾರವಾನ್‌ಗಳಿಗೆ. ಈ ಗುರುತಿಲ್ಲದ ಯಂತ್ರ ಎಷ್ಟೇ ಸ್ಮಾರ್ಟ್ ಆಗಿದ್ದರೂ ನಾನಂತೂ ಮನೆಗೆ ತರುವುದಿಲ್ಲ.

ಮೂರನೆಯದು ಸೆನ್ಸರ್. ಎಲೆಕ್ಟ್ರೊಕೆಮಿಕಲ್ ಸೆನ್ಸರ್ ಇರುವುದನ್ನೇ ಆರಿಸಿ. ಅದರೊಳಗೆ ಪುಟ್ಟ ರಾಸಾಯನಿಕ ಕೋಶವಿರುತ್ತದೆ. ಒಳಬಂದ ಕಾರ್ಬನ್ ಮೊನಾಕ್ಸೈಡ್ ವಿದ್ಯುದ್ವಾರದ ಮೇಲೆ ಕಾರ್ಬನ್ ಡೈಆಕ್ಸೈಡ್ ಆಗಿ ಬದಲಾಗುವಾಗ ಎಲೆಕ್ಟ್ರಾನ್‌ಗಳು ಬಿಡುಗಡೆಯಾಗಿ ಸಣ್ಣ ಕರೆಂಟ್ ಹರಿಯುತ್ತದೆ. ಅನಿಲ ಹೆಚ್ಚಿದಷ್ಟೂ ಕರೆಂಟ್ ಹೆಚ್ಚು. ಈ ಕೋಶ ಬಹಳ ಕಡಿಮೆ ವಿದ್ಯುತ್ ಕೇಳುವುದರಿಂದಲೇ ಬ್ಯಾಟರಿ ಮೇಲೆ ವರ್ಷಗಟ್ಟಲೆ ನಡೆಯುವ ಡಿಟೆಕ್ಟರ್ ಸಾಧ್ಯವಾದದ್ದು. ಕೋಶಕ್ಕೂ ಆಯಸ್ಸಿದೆ: ಸಾಮಾನ್ಯವಾಗಿ 5ರಿಂದ 7 ವರ್ಷ, ಕೆಲವು ಮಾದರಿಗಳಲ್ಲಿ 10. ಅಂಗಡಿಯ ಕಪಾಟಿನಲ್ಲಿ ಕೂತಿದ್ದಾಗಲೂ ಕೋಶ ಹಳೆಯದಾಗುತ್ತದೆ. ಆದ್ದರಿಂದ ಹಿಂಬದಿಯ ತಯಾರಿಕೆಯ ದಿನಾಂಕ ನೋಡದೆ ದುಡ್ಡು ಕೊಡಬೇಡಿ. ಬಳಸಿದ ಡಿಟೆಕ್ಟರ್ ಅಗ್ಗಕ್ಕೆ ಸಿಕ್ಕಿತೆಂದು ಕೊಳ್ಳುವುದಂತೂ ಬೇಡವೇ ಬೇಡ.

ಪರದೆ ಇದ್ದರೆ ಒಳ್ಳೆಯದು, ಆ ತನಕ ಕಂಡ ಗರಿಷ್ಠ ಮಟ್ಟವನ್ನು ನೆನಪಿಟ್ಟುಕೊಳ್ಳುವ ಸೌಲಭ್ಯ ಇದ್ದರೆ ಇನ್ನೂ ಒಳ್ಳೆಯದು. ನೀವು ಮನೆಯಲ್ಲಿಲ್ಲದಾಗ ಏನಾಯಿತೆಂದು ಅದು ಹೇಳುತ್ತದೆ.

ವೈರ್‌ಲೆಸ್‌ನಲ್ಲಿ ಮೂರು ಬಗೆ

ಒಂದೇ ಹೆಸರಿನಡಿ ಮೂರು ಬೇರೆ ಬೇರೆ ವ್ಯವಸ್ಥೆಗಳು ಸಿಗುತ್ತವೆ.

ಮೊದಲನೆಯದು ಡಿಟೆಕ್ಟರ್‌ಗಳು ತಮ್ಮತಮ್ಮಲ್ಲೇ ರೇಡಿಯೊ ಅಲೆಯಲ್ಲಿ ಮಾತಾಡಿಕೊಳ್ಳುವ ಬಗೆ. ಗೀಸರ್ ಪಕ್ಕದ್ದು ಕೂಗಿದರೆ ಮಹಡಿಯ ಮಲಗುವ ಕೋಣೆಯದೂ ಕೂಗುತ್ತದೆ. ಇಂಟರ್ನೆಟ್ ಬೇಡ, ಆಪ್ ಬೇಡ. ಎರಡನೆಯದರಲ್ಲಿ ಡಿಟೆಕ್ಟರ್ ಜಿಗ್‌ಬೀ ಅಥವಾ ಜೀ-ವೇವ್ ಎಂಬ ಕಡಿಮೆ ವಿದ್ಯುತ್ತಿನ ರೇಡಿಯೊ ಸಂಪರ್ಕದ ಮೂಲಕ ಹಬ್ ಎಂಬ ಕೇಂದ್ರ ಡಬ್ಬಿಗೆ ಸೇರುತ್ತದೆ, ಹಬ್ ಮೊಬೈಲಿಗೆ ತಿಳಿಸುತ್ತದೆ. ಮೂರನೆಯದು ನೇರವಾಗಿ ಮನೆಯ ವೈಫೈಗೆ ಸೇರುವಂಥದ್ದು. ಹೊಂದಿಸಲು ಇದೇ ಎಲ್ಲಕ್ಕಿಂತ ಸುಲಭ, ಆದರೆ ವೈಫೈ ಬ್ಯಾಟರಿಯನ್ನು ಬೇಗ ಹೀರುತ್ತದೆ. ಅದಕ್ಕೇ ಇಂಥವು ಪ್ಲಗ್‌ಗೆ ಚುಚ್ಚುವ ರೂಪದಲ್ಲಿ, ಕರೆಂಟ್ ಹೋದಾಗಿನ ಬ್ಯಾಟರಿ ಸಹಿತ ಬರುವುದುಂಟು.

ಎರಡಕ್ಕಿಂತ ಹೆಚ್ಚು ಕೋಣೆ ಅಥವಾ ಮಹಡಿ ಇರುವ ಮನೆಗೆ ಮೊದಲನೆಯ ಬಗೆಯನ್ನೇ ಆಧಾರವಾಗಿಟ್ಟುಕೊಂಡು, ಬೇಕಿದ್ದರೆ ಅದೇ ಕಂಪನಿಯ ಗೇಟ್‌ವೇ (ಡಿಟೆಕ್ಟರ್‌ಗಳನ್ನು ಇಂಟರ್ನೆಟ್‌ಗೆ ಜೋಡಿಸುವ ಡಬ್ಬಿ) ಸೇರಿಸಿ ಮೊಬೈಲ್ ಸಂದೇಶ ಪಡೆಯುವುದು ಒಳ್ಳೆಯ ದಾರಿ. ಬೇರೆ ಬೇರೆ ಕಂಪನಿಗಳ ಡಿಟೆಕ್ಟರ್‌ಗಳು ಸಾಮಾನ್ಯವಾಗಿ ಒಂದರ ಮಾತು ಇನ್ನೊಂದಕ್ಕೆ ತಿಳಿಯುವುದಿಲ್ಲ, ಎಲ್ಲವನ್ನೂ ಒಂದೇ ಕಡೆಯಿಂದ ತನ್ನಿ. ರೇಡಿಯೊ ತರಂಗಾಂತರವೂ ದೇಶದಿಂದ ದೇಶಕ್ಕೆ ಬೇರೆ. ಯುರೋಪಿನಲ್ಲಿ 868 ಮೆಗಾಹರ್ಟ್ಸ್ ಆಸುಪಾಸು, ಅಮೆರಿಕದಲ್ಲಿ 915ರ ಆಸುಪಾಸು ಸಾಮಾನ್ಯ. ಪರದೇಶದಿಂದ ತರಿಸುವವರು ತಾವಿರುವ ಕಡೆ ಆ ಅಲೆಗೆ ಅನುಮತಿ ಇದೆಯೇ ನೋಡಿಕೊಳ್ಳಬೇಕು.

ಎಲ್ಲಿ ಹಾಕಬೇಕು

ಇಡೀ ಕೆಲಸದಲ್ಲಿ ಹೆಚ್ಚು ಯೋಚಿಸಬೇಕಾದ ಹಂತ ಇದು, ಎಲ್ಲರೂ ಅವಸರದಲ್ಲಿ ಮುಗಿಸುವುದೂ ಇದನ್ನೇ.

ಕಾರ್ಬನ್ ಮೊನಾಕ್ಸೈಡ್ ಗಾಳಿಗಿಂತ ತುಸು ಹಗುರ, ತುಸು ಮಾತ್ರ. ಗಾಳಿಯ ಜೊತೆ ಚೆನ್ನಾಗಿ ಬೆರೆತು ಕೋಣೆ ತುಂಬುತ್ತದೆ. ಹಾಗಾಗಿ 'ನೆಲದ ಹತ್ತಿರವೇ ಇಡಬೇಕು' ಎಂಬುದು ಎಲ್‌ಪಿಜಿಯ ನಿಯಮ, ಇದರದಲ್ಲ. ಆದರೂ ಉರಿಯುವ ಉಪಕರಣದಿಂದ ಬಿಸಿ ಗಾಳಿಯ ಜೊತೆ ಮೇಲೇರುವುದರಿಂದ, ಆ ಕೋಣೆಯಲ್ಲಿ ಎತ್ತರದಲ್ಲಿರುವುದು ವಾಸಿ.

ಒಂದೇ ಡಿಟೆಕ್ಟರ್ ಕೊಳ್ಳುವುದಾದರೆ ಅದು ಮಲಗುವ ಕೋಣೆಗೆ, ಅಥವಾ ಮಲಗುವ ಕೋಣೆಗಳ ಹೊರಗಿನ ಮೊಗಸಾಲೆಗೆ. ಎರಡನೆಯದು ಉರಿಯುವ ಉಪಕರಣ ಇರುವ ಕೋಣೆಗೆ. ಅದಾದ ಮೇಲೆ ಪ್ರತಿ ಮಹಡಿಗೊಂದು. ಮನೆಯಲ್ಲಿ ಉರಿಯುವ ಉಪಕರಣವೇ ಇಲ್ಲ, ಎಲ್ಲ ವಿದ್ಯುತ್ತಿನದೇ ಎನ್ನುವವರೂ ಒಂದು ಗೋಡೆಯಾಚೆಗಿನ ಮನೆಯನ್ನು, ಕೆಳಗಿನ ಪಾರ್ಕಿಂಗನ್ನು ಮರೆಯಬಾರದು. ಈ ಅನಿಲ ಬಿರುಕು, ಪೈಪಿನ ಸಂದು, ಜಿಪ್ಸಂ ಹಲಗೆಯ ಗೋಡೆಗಳನ್ನೂ ದಾಟಿ ಬರಬಲ್ಲದು.

ಅಳತೆಗಳು ಹೀಗೆ. ಉಪಕರಣವಿರುವ ಕೋಣೆಯಲ್ಲಿ ಅದರಿಂದ ಅಡ್ಡಡ್ಡವಾಗಿ 1ರಿಂದ 3 ಮೀಟರ್ ದೂರ. ಚಾವಣಿಗೆ ಹಾಕುವುದಾದರೆ ಯಾವುದೇ ಗೋಡೆಯಿಂದ ಕನಿಷ್ಠ 30 ಸೆಂಟಿಮೀಟರ್ ದೂರ. ಗೋಡೆಗಾದರೆ ಚಾವಣಿಯಿಂದ ಕನಿಷ್ಠ 15 ಸೆಂಟಿಮೀಟರ್ ಕೆಳಗೆ, ಆದರೆ ಬಾಗಿಲು ಕಿಟಕಿಗಳ ಮೇಲಂಚಿಗಿಂತ ಎತ್ತರದಲ್ಲಿ. ಮಲಗುವ ಕೋಣೆಯಲ್ಲಿ ಮಾತ್ರ ಲೆಕ್ಕ ಬೇರೆ: ಅಲ್ಲಿ ಉಸಿರಾಡುವ ಎತ್ತರ ಮುಖ್ಯ, ಅಂದರೆ ದಿಂಬಿನ ಮಟ್ಟದ ಆಸುಪಾಸು. ಮಂಚದ ಪಕ್ಕದ ಮೇಜಿನ ಮೇಲಿಟ್ಟರೂ ನಡೆಯುತ್ತದೆ, ಹೊದಿಕೆ ಪುಸ್ತಕ ಅದರ ಮೇಲೆ ಬೀಳದಿದ್ದರೆ. ಇವು ಯುರೋಪಿನ ಮಾರ್ಗಸೂಚಿಯ ಅಳತೆಗಳು. ನಿಮ್ಮ ಡಿಟೆಕ್ಟರಿನ ಕೈಪಿಡಿ ಬೇರೆ ಹೇಳಿದರೆ ಕೈಪಿಡಿಯೇ ಸರಿ.

ಹಾಕಬಾರದ ಜಾಗಗಳ ಪಟ್ಟಿ ಇನ್ನೂ ಮುಖ್ಯ. ಒಲೆಯ ನೆತ್ತಿಯ ಮೇಲೆ ಬೇಡ, ಸಿಂಕಿನ ಪಕ್ಕ ಬೇಡ, ಹಬೆ ತುಂಬುವ ಬಚ್ಚಲಿನ ಒಳಗೆ ಬೇಡ. ಫ್ಯಾನ್, ಎಸಿ, ಎಕ್ಸಾಸ್ಟ್ ಪಕ್ಕದಲ್ಲಿ ಹೊಸ ಗಾಳಿಯೇ ಸದಾ ಬೀಸುವುದರಿಂದ ಸೆನ್ಸರ್‌ಗೆ ಕೋಣೆಯ ನಿಜ ಸ್ಥಿತಿ ತಿಳಿಯುವುದಿಲ್ಲ. ಕಿಟಕಿ ಬಾಗಿಲಿನ ಪಕ್ಕವೂ ಅಷ್ಟೇ. ಪರದೆಯ ಹಿಂದೆ, ಬೀರುವಿನೊಳಗೆ, ಸೋಫಾದ ಬೆನ್ನಿಗೆ ಅಡಗಿಸಬಾರದು. ನೋಡಲು ಚೆನ್ನಾಗಿಲ್ಲ ಎಂದು ಟಿವಿಯ ಹಿಂದೆ ಸಿಕ್ಕಿಸಿದ ಡಿಟೆಕ್ಟರ್ ಇದ್ದೂ ಇಲ್ಲದಂತೆ. ವಿಪರೀತ ಚಳಿ, 40 ಡಿಗ್ರಿ ದಾಟುವ ಸೆಕೆ, ದೂಳು ಇರುವ ಜಾಗಗಳಲ್ಲೂ ಸೆನ್ಸರ್ ಸರಿಯಾಗಿ ನಡೆಯದು.

ಗೀಸರ್ ಬಚ್ಚಲೊಳಗೇ ಇದ್ದರೆ ಏನು ಮಾಡುವುದು? ಡಿಟೆಕ್ಟರನ್ನು ಬಚ್ಚಲಿನ ಬಾಗಿಲಿನ ಹೊರಗೆ ಹಾಕುವವರಿದ್ದಾರೆ. ಅದು ಮನೆಯ ಉಳಿದವರನ್ನು ಕಾಪಾಡುತ್ತದೆ, ಒಳಗೆ ಬಾಗಿಲು ಹಾಕಿಕೊಂಡು ಸ್ನಾನ ಮಾಡುತ್ತಿರುವವರನ್ನಲ್ಲ. ಹೊರಗೆ ಹೊಗೆಕೊಳವೆ ಇಲ್ಲದ ಗ್ಯಾಸ್ ಗೀಸರ್ ಪುಟ್ಟ ಬಚ್ಚಲಿನಲ್ಲಿ ಇರಲೇಬಾರದು, ಅದನ್ನು ಹೊರಗೆ ಸಾಗಿಸಬೇಕು. ಅಲಾರಂ ಹಾಕಿದ್ದೇವಲ್ಲ ಎಂಬ ಧೈರ್ಯದಲ್ಲಿ ಆ ಕೆಲಸ ಮುಂದೂಡಬೇಡಿ.

ಬಿಚ್ಚುವುದು, ಜೋಡಿಸುವುದು

ಗೋಡೆಗೆ ಮೊಳೆ ಹೊಡೆಯುವ ಮೊದಲೇ ಎಲ್ಲ ಡಿಟೆಕ್ಟರ್‌ಗಳನ್ನೂ ಒಂದು ಮೇಜಿನ ಮೇಲೆ ಸಾಲಾಗಿಟ್ಟು ಜೋಡಣೆ ಮುಗಿಸಿಕೊಳ್ಳಿ. ಏಣಿಯ ಮೇಲೆ ನಿಂತು ಪಿನ್ನಿನಿಂದ ಗುಂಡಿ ಒತ್ತುವ ಕಷ್ಟ ತಪ್ಪುತ್ತದೆ.

ಬ್ಯಾಟರಿಯ ನಡುವೆ ಸಿಕ್ಕಿಸಿರುವ ಪ್ಲಾಸ್ಟಿಕ್ ಪಟ್ಟಿ ಎಳೆದುಹಾಕಿ. ಸೀಲ್ ಮಾಡಿದ ಬ್ಯಾಟರಿಯ ಮಾದರಿಯಾದರೆ ಹಿಂಬದಿಯ ಸ್ವಿಚ್ ಆನ್ ಮಾಡಬೇಕು, ಅಥವಾ ತಳದ ತಟ್ಟೆಗೆ ಕೂರಿಸಿ ತಿರುಗಿಸಿದಾಗ ತಾನೇ ಚಾಲೂ ಆಗುತ್ತದೆ. ಒಂದು ಬೀಪ್ ಬಂದು ದೀಪ ಮಿನುಗುತ್ತದೆ. ಸೆನ್ಸರ್ ಹದಕ್ಕೆ ಬರಲು ಕೆಲವು ನಿಮಿಷ ಬೇಕು, ಅಷ್ಟರಲ್ಲಿ ಪರೀಕ್ಷೆ ಮಾಡಹೋಗಿ ಕೆಟ್ಟಿದೆ ಎಂದು ವಾಪಸ್ ಕಳಿಸಬೇಡಿ. ಬ್ಯಾಟರಿ ಬದಲಿಸುವ ಮಾದರಿಯಾದರೆ ಕೈಪಿಡಿಯಲ್ಲಿ ಹೇಳಿದ ಬಗೆಯನ್ನೇ ಹಾಕಿ. ಮರುಚಾರ್ಜ್ ಆಗುವ ಸೆಲ್‌ಗಳ ವೋಲ್ಟೇಜ್ ಕಡಿಮೆ, ಡಿಟೆಕ್ಟರ್ ಅದನ್ನು ಖಾಲಿಯಾಗುತ್ತಿರುವ ಬ್ಯಾಟರಿ ಎಂದೇ ಓದಬಹುದು.

ಪರಸ್ಪರ ಮಾತಾಡುವ ಬಗೆಯಾದರೆ ಒಂದರ ಪೇರಿಂಗ್ (ಜೋಡಿಸುವ) ಗುಂಡಿಯನ್ನು ದೀಪ ಮಿನುಗುವವರೆಗೆ ಒತ್ತಿಹಿಡಿಯಿರಿ, ನಂತರ ಉಳಿದವನ್ನು ಒಂದೊಂದಾಗಿ ಅದೇ ಸ್ಥಿತಿಗೆ ತನ್ನಿ. ಎಲ್ಲದರ ದೀಪವೂ ಒಪ್ಪಿಗೆ ಸೂಚಿಸಿದ ಮೇಲೆ ಪೇರಿಂಗ್‌ನಿಂದ ಹೊರಬರಬೇಕು. ಕೆಲವು ತಾವೇ ಹೊರಬರುತ್ತವೆ, ಕೆಲವಕ್ಕೆ ಮತ್ತೊಮ್ಮೆ ಗುಂಡಿ ಒತ್ತಬೇಕು.

ವೈಫೈ ಬಗೆಯಲ್ಲಿ ಜನ ಸಿಕ್ಕಿಬೀಳುವುದು ಬಹುತೇಕ ಒಂದೇ ಕಡೆ. ಇಂಥ ಉಪಕರಣಗಳಲ್ಲಿ ಹೆಚ್ಚಿನವಕ್ಕೆ 2.4 ಗಿಗಾಹರ್ಟ್ಸ್ ವೈಫೈ ಅಲೆ ಮಾತ್ರ ಗೊತ್ತು, ಮೊಬೈಲ್ ಮಾತ್ರ 5 ಗಿಗಾಹರ್ಟ್ಸ್ ಹಿಡಿದು ಕೂತಿರುತ್ತದೆ. ಎರಡಕ್ಕೂ ಒಂದೇ ಹೆಸರಿರುವ ರೌಟರ್ ಆದರೆ ಜೋಡಣೆ ಮುಗಿಯುವವರೆಗೆ 5 ಗಿಗಾಹರ್ಟ್ಸ್ ಆಫ್ ಮಾಡಿ, ಅಥವಾ 2.4ಕ್ಕೆ ಬೇರೆ ಹೆಸರು ಕೊಡಿ. ಆಮೇಲೂ ಸೇರದಿದ್ದರೆ ರೌಟರಿನ ಭದ್ರತೆ ಡಬ್ಲ್ಯುಪಿಎ3 ಎಂಬ ಹೊಸ ಬಗೆಗೆ ಮಾತ್ರ ಸೀಮಿತವಾಗಿದೆಯೇ ನೋಡಿ, ಹಳೆಯ ಉಪಕರಣಗಳಿಗೆ ಡಬ್ಲ್ಯುಪಿಎ2 ಬೇಕಾಗುತ್ತದೆ. ಮೊಬೈಲಿನಲ್ಲಿ ಬ್ಲೂಟೂತ್ ಮತ್ತು ಲೊಕೇಶನ್ ಆನ್ ಇರಲಿ. ಜೋಡಣೆಯಾದ ಕೂಡಲೇ ಆಪ್ ಫರ್ಮ್‌ವೇರ್ (ಡಿಟೆಕ್ಟರಿನೊಳಗಿನ ತಂತ್ರಾಂಶ) ಅಪ್‌ಡೇಟ್ ಕೇಳಿದರೆ ಆಗಲೇ ಮಾಡಿಬಿಡಿ.

ಪ್ರತಿ ಡಿಟೆಕ್ಟರ್‌ಗೂ ಜಾಗದ ಹೆಸರಿಡಿ: 'ಮೇಲಿನ ಮಲಗುವ ಕೋಣೆ', 'ಗೀಸರ್ ಪಕ್ಕ'. 'ಸಾಧನ 1', 'ಸಾಧನ 2' ಎಂದು ಬಿಟ್ಟರೆ ನಡುರಾತ್ರಿ ಸಂದೇಶ ಬಂದಾಗ ಯಾವುದು ಎಲ್ಲಿದೆ ಎಂದು ಯಾರಿಗೂ ತೋಚುವುದಿಲ್ಲ.

ಈಗ ಗೋಡೆಗೆ ಏರಿಸಿ. ತಳದ ತಟ್ಟೆಯನ್ನು ಗೋಡೆಗೊತ್ತಿ ಪೆನ್ಸಿಲಿನಿಂದ ತೂತಿನ ಗುರುತು ಹಾಕಿ, ಕೊರೆದು, ದೂಳನ್ನು ಪೂರ್ತಿ ಒರೆಸಿದ ಮೇಲಷ್ಟೇ ಡಿಟೆಕ್ಟರ್ ಕೂರಿಸಿ. ಕೊರೆದ ದೂಳು ಸೆನ್ಸರಿನ ಜಾಲರಿಗೆ ಹೋದರೆ ಹೊಸದೇ ಹಾಳು. ಲೋಹದ ಬಾಗಿಲು, ಕಬ್ಬಿಣದ ಬೀರು, ದಪ್ಪ ಕಾಂಕ್ರೀಟ್ ಗೋಡೆ ರೇಡಿಯೊ ಅಲೆಗೆ ಅಡ್ಡ ಬರುತ್ತವೆ. ಮೇಜಿನ ಮೇಲೆ ಚೆನ್ನಾಗಿ ಮಾತಾಡಿಕೊಂಡವು ಗೋಡೆಗೆ ಹೋದ ಮೇಲೆ ಮೌನವಾದರೆ ಒಂದನ್ನು ಒಂದೆರಡು ಅಡಿ ಸರಿಸಿ ನೋಡಿ, ಇಲ್ಲವೇ ನಡುವಿನ ಮೊಗಸಾಲೆಗೆ ಇನ್ನೊಂದು ಡಿಟೆಕ್ಟರ್ ಸೇರಿಸಿ. ಹಲವು ಮಾದರಿಗಳಲ್ಲಿ ನಡುವಿನದು ಸಂದೇಶವನ್ನು ಮುಂದಕ್ಕೆ ದಾಟಿಸುತ್ತದೆ.

ಮೊಬೈಲನ್ನು ಎಚ್ಚರವಿಡುವುದು

ಆಪ್ ಹಾಕಿದ ಮಾತ್ರಕ್ಕೆ ಸಂದೇಶ ಬರುತ್ತದೆಂದು ನಂಬಬೇಡಿ. ಬ್ಯಾಟರಿ ಉಳಿಸಲೆಂದು ಆಂಡ್ರಾಯ್ಡ್ ಫೋನ್‌ಗಳು ಬಳಸದ ಆಪ್‌ಗಳನ್ನು ಮಲಗಿಸಿಬಿಡುತ್ತವೆ. ಸೆಟ್ಟಿಂಗ್‌ಗೆ ಹೋಗಿ ಈ ಆಪ್‌ಗೆ ಬ್ಯಾಟರಿ ಮಿತಿ ತೆಗೆದುಹಾಕಿ. ರಾತ್ರಿ 'ಡು ನಾಟ್ ಡಿಸ್ಟರ್ಬ್' ಹಾಕುವ ಅಭ್ಯಾಸವಿದ್ದರೆ ಈ ಆಪ್‌ಗೆ ಅದನ್ನು ಮೀರುವ ಅನುಮತಿ ಕೊಡಿ. ಐಫೋನ್‌ನಲ್ಲಿ ಇದಕ್ಕೆ ಕ್ರಿಟಿಕಲ್ ಅಲರ್ಟ್ ಎನ್ನುತ್ತಾರೆ, ಆಪ್ ಅದನ್ನು ಬೆಂಬಲಿಸಬೇಕು. ಮನೆಯ ಎಲ್ಲ ವಯಸ್ಕರನ್ನೂ ಸೇರಿಸಿ. ಜೊತೆಗೆ ಬೇರೆಡೆ ಇರುವ ಒಬ್ಬ ನಂಬುಗೆಯವರನ್ನೂ ಸೇರಿಸಿ. ಎಲ್ಲರೂ ಮನೆಯೊಳಗೆ ಮಂಕಾಗಿ ಬಿದ್ದಿರುವಾಗ ಹೊರಗಿನಿಂದ ಫೋನ್ ಮಾಡಬಲ್ಲ, ಸಹಾಯ ಕಳಿಸಬಲ್ಲ ವ್ಯಕ್ತಿ ಅವರೊಬ್ಬರೇ. ಮೊಬೈಲ್ ಸಂದೇಶ ನಿಜಕ್ಕೂ ಕೆಲಸಕ್ಕೆ ಬರುವುದು ಇಲ್ಲಿ.

ಸ್ಮಾರ್ಟ್ ಮನೆಯ ಉತ್ಸಾಹಿಗಳಿಗೆ ಒಂದು ಎಚ್ಚರಿಕೆ. ಅಲಾರಂ ಆದಾಗ ಮನೆಯ ದೀಪಗಳೆಲ್ಲ ಹೊತ್ತಿಕೊಳ್ಳುವಂತೆ ಮಾಡುವುದು ಒಳ್ಳೆಯ ಆಟೊಮೇಶನ್. ಗೀಸರ್ ಅಥವಾ ಹೀಟರ್‌ಗೆ ಹೋಗುವ ಗ್ಯಾಸನ್ನು ಮುಚ್ಚುವ ವಾಲ್ವ್ ಇದ್ದರೆ ಅದನ್ನೂ ಜೋಡಿಸಬಹುದು. ಎಕ್ಸಾಸ್ಟ್ ಫ್ಯಾನ್ ತಾನಾಗಿ ತಿರುಗುವಂತೆ ಮಾತ್ರ ಮಾಡಬೇಡಿ. ಬಲವಾದ ಎಕ್ಸಾಸ್ಟ್ ಮುಚ್ಚಿದ ಮನೆಯ ಗಾಳಿಯನ್ನು ಹೊರದೂಡಿದಾಗ ಒಳಗಿನ ಒತ್ತಡ ಇಳಿಯುತ್ತದೆ. ಆಗ ಹೊಗೆಕೊಳವೆಯಿಂದ ಹೊರಹೋಗಬೇಕಾದ ಅನಿಲ ಹಿಮ್ಮುಖವಾಗಿ ಮನೆಯೊಳಕ್ಕೇ ಬರಬಹುದು. ಅಡುಗೆಮನೆಯ ಚಿಮಣಿ ಹಾಕಿದಾಗಲೆಲ್ಲ ಪರದೆಯ ಅಂಕಿ ಏರುತ್ತಿದ್ದರೆ ಮೊದಲು ಅನುಮಾನಿಸಬೇಕಾದದ್ದು ಇದನ್ನೇ.

ಪರೀಕ್ಷೆ

ಟೆಸ್ಟ್ ಗುಂಡಿ ಒತ್ತಿದರೆ ಬ್ಯಾಟರಿ, ಸರ್ಕ್ಯೂಟ್, ಸೈರನ್ ಸರಿಯಿವೆಯೇ ಎಂದು ತಿಳಿಯುತ್ತದೆ. ಸೆನ್ಸರ್ ಅನಿಲವನ್ನು ಹಿಡಿಯುತ್ತದೆಯೇ ಎಂಬುದಕ್ಕೆ ಅದು ಸಾಕ್ಷಿಯಲ್ಲ. ಅದನ್ನು ನೋಡಲು ಅಳತೆ ಮಾಡಿದ ಟೆಸ್ಟ್ ಗ್ಯಾಸ್ ಡಬ್ಬಿಗಳು ಸಿಗುತ್ತವೆ, ಕೈಪಿಡಿ ಅನುಮತಿಸಿದರೆ ಬಳಸಬಹುದು. ಕಾರಿನ ಹೊಗೆಕೊಳವೆಗೆ ಹಿಡಿಯುವುದು, ಕೆಂಡದ ಮೇಲೆ ಇಡುವುದು ಬೇಡ. ನಿಮಗೂ ಅಪಾಯ, ಸೆನ್ಸರೂ ಕೆಡುತ್ತದೆ.

ಗುಂಡಿ ಒತ್ತಿದಾಗ ಬರುವ ಸದ್ದನ್ನು ಮನೆಯವರೆಲ್ಲ ಕೇಳಿಸಿಕೊಳ್ಳಲಿ. ಯುಎಲ್ 2034ರ ಪ್ರಕಾರ ಅದು 3 ಮೀಟರ್ ದೂರದಲ್ಲಿ ಸುಮಾರು 85 ಡೆಸಿಬಲ್ ಇರಬೇಕು. ನಿಜವಾದ ಪರೀಕ್ಷೆ ಬೇರೆ: ಒಬ್ಬರು ಗೀಸರ್ ಪಕ್ಕದ ಡಿಟೆಕ್ಟರ್ ಒತ್ತಲಿ, ಇನ್ನೊಬ್ಬರು ಮಲಗುವ ಕೋಣೆಯ ಬಾಗಿಲು ಮುಚ್ಚಿ, ಫ್ಯಾನ್ ಹಾಕಿ, ಹೊದ್ದು ಮಲಗಿ ಕೇಳಲಿ. ಸದ್ದು ಕ್ಷೀಣವಾಗಿದ್ದರೆ ಆ ಕೋಣೆಗೇ ಒಂದು ಡಿಟೆಕ್ಟರ್ ಬೇಕು. ಕಿವಿ ಮಂದವಾದ ಹಿರಿಯರಿದ್ದರೆ ದಿಂಬಿನಡಿ ಇಟ್ಟು ನಡುಗಿಸುವ, ಬೆಳಕು ಮಿಂಚಿಸುವ ಜೊತೆ ಸಾಧನ ಸಿಗುವ ಮಾದರಿ ನೋಡಿ.

ಆಮೇಲೆ ರೌಟರ್ ಆಫ್ ಮಾಡಿ ಮತ್ತೆ ಒತ್ತಿ. ಸೈರನ್ ಕೂಗಲೇಬೇಕು, ಪರಸ್ಪರ ಜೋಡಿಸಿದವು ಕೂಡ ಕೂಗಬೇಕು. ರೌಟರ್ ಆನ್ ಮಾಡಿ, ಮೊಬೈಲನ್ನು ಸೈಲೆಂಟ್‌ಗೆ ಹಾಕಿ ಇನ್ನೊಮ್ಮೆ ಒತ್ತಿ, ಸಂದೇಶ ಸದ್ದು ಮಾಡಿತೇ ನೋಡಿ. ಕೆಲವು ಮಾದರಿಗಳು ಗುಂಡಿಯನ್ನು ಹೆಚ್ಚು ಹೊತ್ತು ಒತ್ತಿಹಿಡಿದರೆ ಮಾತ್ರ ಉಳಿದವಕ್ಕೆ ಪರೀಕ್ಷೆಯ ಸಂಕೇತ ಕಳಿಸುತ್ತವೆ.

ಪರದೆಯ ಅಂಕಿಗಳು ಹೇಳುವುದೇನು

ಅಂಕಿ ಪಿಪಿಎಂನಲ್ಲಿರುತ್ತದೆ, ಅಂದರೆ ಹತ್ತು ಲಕ್ಷ ಪಾಲು ಗಾಳಿಯಲ್ಲಿ ಇಷ್ಟು ಪಾಲು ಕಾರ್ಬನ್ ಮೊನಾಕ್ಸೈಡ್. ಅಲಾರಂ ಕೂಗುವುದು ಮಟ್ಟ ಮತ್ತು ಸಮಯ ಎರಡನ್ನೂ ಕೂಡಿಸಿ ನೋಡಿ. ರಕ್ತದಲ್ಲಿ ವಿಷ ಸೇರುವುದೂ ಹಾಗೆಯೇ ಅಲ್ಲವೇ. ಯುಎಲ್ 2034ರ ಪ್ರಕಾರ 70 ಪಿಪಿಎಂ ಇದ್ದರೆ 60ರಿಂದ 240 ನಿಮಿಷದೊಳಗೆ, 150 ಇದ್ದರೆ 10ರಿಂದ 50 ನಿಮಿಷದೊಳಗೆ, 400 ಇದ್ದರೆ 4ರಿಂದ 15 ನಿಮಿಷದೊಳಗೆ ಕೂಗಬೇಕು. ಇಎನ್ 50291 ಇನ್ನೂ ಬಿಗಿ: 50 ಪಿಪಿಎಂಗೆ 60ರಿಂದ 90 ನಿಮಿಷ, 100ಕ್ಕೆ 10ರಿಂದ 40 ನಿಮಿಷ, 300ಕ್ಕೆ 3 ನಿಮಿಷದೊಳಗೆ.

ಇದರ ಇನ್ನೊಂದು ಮುಖವನ್ನು ಕೈಪಿಡಿಗಳು ಒತ್ತಿ ಹೇಳುವುದಿಲ್ಲ. ಈ ಮಿತಿಗಳು ಆರೋಗ್ಯವಂತ ವಯಸ್ಕರನ್ನು ಲೆಕ್ಕಕ್ಕಿಟ್ಟುಕೊಂಡವು. ಗರ್ಭಿಣಿಯರು, ಕೂಸುಗಳು, ಹೃದಯದ ತೊಂದರೆ ಇರುವವರಿಗೆ ಅದಕ್ಕಿಂತ ಕಡಿಮೆ ಮಟ್ಟವೂ ಕೆಡುಕೇ. ಎಂಟು ಗಂಟೆಯ ಸರಾಸರಿಗೆ ವಿಶ್ವ ಆರೋಗ್ಯ ಸಂಸ್ಥೆ ಹೇಳುವ ಮಿತಿ ಘನ ಮೀಟರಿಗೆ 10 ಮಿಲಿಗ್ರಾಂ, ಅಂದರೆ 9 ಪಿಪಿಎಂ ಆಸುಪಾಸು. ಹಲವು ಡಿಟೆಕ್ಟರ್‌ಗಳ ಪರದೆ 30ಕ್ಕಿಂತ ಕಡಿಮೆ ಇದ್ದಾಗ ಸೊನ್ನೆಯನ್ನೇ ತೋರಿಸುತ್ತದೆ. ಆದ್ದರಿಂದ ಸೊನ್ನೆ ಕಂಡಿತೆಂದು ಗೀಸರ್ ಸರ್ವಿಸ್ ತಪ್ಪಿಸಬಾರದು. ಕಡಿಮೆ ಮಟ್ಟ ತೋರಿಸುವ ಮಾದರಿಯಲ್ಲಿ ದಿನಾ 15, 20 ಎಂದು ಬರುತ್ತಿದ್ದರೆ ಅಲಾರಂ ಕೂಗಲಿ ಎಂದು ಕಾಯದೆ ಮೆಕ್ಯಾನಿಕ್‌ನನ್ನು ಕರೆಸಿ. ನೀಲಿಯಾಗಿರಬೇಕಾದ ಗ್ಯಾಸ್ ಜ್ವಾಲೆ ಹಳದಿಯಾಗಿ ನಾಲಗೆ ಚಾಚುವುದು, ಬರ್ನರ್ ಸುತ್ತ ಮಸಿ ಹಿಡಿಯುವುದು, ಹೀಟರ್ ಹಚ್ಚಿದಾಗ ಕಿಟಕಿ ಗಾಜಿಗೆ ವಿಪರೀತ ಹಬೆ ಕೂರುವುದು ಅದೇ ಸುದ್ದಿಯನ್ನು ಬೇರೆ ರೀತಿಯಲ್ಲಿ ಹೇಳುತ್ತಿರುತ್ತವೆ.

ಅಲಾರಂ ಕೂಗಿದಾಗ

ಸಾಮಾನ್ಯವಾಗಿ ನಾಲ್ಕು ಚುರುಕು ಬೀಪ್, ಸ್ವಲ್ಪ ವಿರಾಮ, ಮತ್ತೆ ನಾಲ್ಕು ಎಂದರೆ ಕಾರ್ಬನ್ ಮೊನಾಕ್ಸೈಡ್. ಹೊಗೆ ಅಲಾರಂನದು ಮೂರರ ಲಯ. ಅರ್ಧ ನಿಮಿಷಕ್ಕೋ ಒಂದು ನಿಮಿಷಕ್ಕೋ ಒಮ್ಮೆ ಬರುವ ಒಂಟಿ ಚಿಲಿಪಿಲಿ ಬ್ಯಾಟರಿಯದು, ಇಲ್ಲವೇ ಆಯಸ್ಸು ಮುಗಿದ ಸೆನ್ಸರಿನದು. ಈ ವ್ಯತ್ಯಾಸವನ್ನು ಡಿಟೆಕ್ಟರಿನ ಪಕ್ಕದಲ್ಲೇ ಒಂದು ಚೀಟಿಯಲ್ಲಿ ಬರೆದು ಅಂಟಿಸಿ.

ನಾಲ್ಕರ ಲಯ ಕೇಳಿದರೆ:

1. ಎಲ್ಲರನ್ನೂ ಎಬ್ಬಿಸಿ, ಸಾಕುಪ್ರಾಣಿಗಳ ಸಮೇತ ಹೊರಗೆ ಬಯಲು ಗಾಳಿಗೆ ಬನ್ನಿ. ಪಕ್ಕದ ಕೋಣೆಗೆ ಹೋಗುವುದು ಹೊರಗೆ ಬಂದಂತಲ್ಲ.
2. ದಾರಿಯಲ್ಲೇ ಸಿಕ್ಕಿದರೆ ಕಿಟಕಿ ಬಾಗಿಲು ತೆರೆಯಿರಿ, ಉಪಕರಣ ಆರಿಸಿ. ಅದಕ್ಕಾಗಿ ಒಳಗೆ ಸುತ್ತಾಡಬೇಡಿ. ಯಾರಿಗಾದರೂ ತಲೆ ಸುತ್ತುತ್ತಿದ್ದರೆ ಇದನ್ನೂ ಬಿಟ್ಟು ನೇರ ಹೊರಗೆ.
3. ತಲೆ ಎಣಿಸಿ. ಹೊರಗೆ ನಿಂತೇ ನಿಮ್ಮ ಕಡೆಯ ತುರ್ತು ಸಂಖ್ಯೆಗೆ ಕರೆ ಮಾಡಿ, 'ಕಾರ್ಬನ್ ಮೊನಾಕ್ಸೈಡ್ ಅಲಾರಂ' ಎಂದೇ ಹೇಳಿ.
4. ಅಳತೆ ಮಾಡಿ ಸರಿಯಿದೆ ಎನ್ನುವವರೆಗೆ ಒಳಗೆ ಹೋಗಬೇಡಿ. ಸದ್ದು ನಿಂತಿತು ಎಂಬುದು ಕಾರಣವಲ್ಲ, ಬಾಗಿಲು ತೆರೆದದ್ದರಿಂದ ಗಾಳಿ ಬದಲಾಗಿರಬಹುದು, ಮೂಲ ಅಲ್ಲೇ ಇರುತ್ತದೆ.

ಮೌನಗೊಳಿಸುವ ಗುಂಡಿ ಅಪಾಯವನ್ನು ಮೌನಗೊಳಿಸುವುದಿಲ್ಲ. ಅನಿಲ ಉಳಿದಿದ್ದರೆ ಕೆಲವೇ ನಿಮಿಷಗಳಲ್ಲಿ ಮತ್ತೆ ಕೂಗುತ್ತದೆ.

ವೈದ್ಯರ ಬಳಿ ಹೋದಾಗ ಅಲಾರಂ ಕೂಗಿದ ವಿಷಯವನ್ನೇ ಮೊದಲು ಹೇಳಿ, ಪರದೆಯಲ್ಲಿ ಕಂಡ ಗರಿಷ್ಠ ಅಂಕಿ ನೆನಪಿದ್ದರೆ ಅದನ್ನೂ. ಕಾರಣವಿದೆ. ಬೆರಳಿಗೆ ಸಿಕ್ಕಿಸುವ ಸಾಮಾನ್ಯ ಆಕ್ಸಿಮೀಟರ್‌ಗೆ ಆಮ್ಲಜನಕ ಹೊತ್ತ ಹಿಮೋಗ್ಲೋಬಿನ್ ಯಾವುದು, ಈ ವಿಷ ಹೊತ್ತದ್ದು ಯಾವುದು ಎಂದು ಬೇರ್ಪಡಿಸಲು ಬರುವುದಿಲ್ಲ. 98 ತೋರಿಸುತ್ತಲೇ ಇರಬಹುದು. ನಿಜ ತಿಳಿಯುವುದು ಕಾರ್ಬಾಕ್ಸಿಹಿಮೋಗ್ಲೋಬಿನ್ ಎಂಬ ರಕ್ತ ಪರೀಕ್ಷೆಯಿಂದ. ಸಾಮಾನ್ಯ ಗಾಳಿಯಲ್ಲಿ ರಕ್ತದಲ್ಲಿನ ವಿಷ ಅರ್ಧಕ್ಕಿಳಿಯಲು ನಾಲ್ಕೈದು ಗಂಟೆ ಬೇಕು, ಶುದ್ಧ ಆಮ್ಲಜನಕ ಕೊಟ್ಟರೆ ಸುಮಾರು ಒಂದೂವರೆ ಗಂಟೆ ಸಾಕು. ಹಾಗಾಗಿ ಮನೆಯಲ್ಲೇ ವಿಶ್ರಾಂತಿ ಮಾಡಿ ನೋಡೋಣ ಎನ್ನಬೇಡಿ.

ಅಲಾರಂ ಇಲ್ಲದೆಯೂ ಅನುಮಾನ ಪಡಬೇಕಾದ ಸಂದರ್ಭವೊಂದಿದೆ. ಜ್ವರವಿಲ್ಲದೆ ಮನೆಯವರಿಗೆಲ್ಲ ಒಟ್ಟಿಗೆ ತಲೆನೋವು ವಾಕರಿಕೆ, ಹೊರಗೆ ಹೋದರೆ ಹಗುರ, ಮನೆಗೆ ಬಂದರೆ ಮತ್ತೆ ಶುರು. ಸಾಕುಪ್ರಾಣಿಗಳು ಮೊದಲೇ ಸೊರಗಬಹುದು. ಹತ್ತೊಂಬತ್ತನೇ ಶತಮಾನದ ಕೊನೆಗೆ ಶರೀರವಿಜ್ಞಾನಿ ಜಾನ್ ಸ್ಕಾಟ್ ಹಾಲ್ಡೇನ್ ಗಣಿಗಳಿಗೆ ಪುಟ್ಟ ಜೀವಿಗಳನ್ನು ಒಯ್ಯಿರಿ ಎಂದದ್ದು ಈ ಕಾರಣಕ್ಕೇ. ಬ್ರಿಟನ್ನಿನ ಗಣಿಗಳಲ್ಲಿ ಕ್ಯಾನರಿ ಹಕ್ಕಿಯ ಬದಲು ಎಲೆಕ್ಟ್ರಾನಿಕ್ ಉಪಕರಣ ತರಲು ನಿರ್ಧರಿಸಿದ್ದು 1986ರಲ್ಲಷ್ಟೇ.

'ಸುಳ್ಳು ಅಲಾರಂ' ಎನ್ನುವ ಮೊದಲು

ಬೆಂಕಿಯೇ ಇಲ್ಲದ ಮನೆಯಲ್ಲಿ ಅಲಾರಂ ಕೂಗುವುದುಂಟು. ಬಹಳ ಸಲ ಕಾರಣ ಇನ್ವರ್ಟರಿನ ಅಥವಾ ಕಾರಿನ ಲೆಡ್-ಆಸಿಡ್ ಬ್ಯಾಟರಿ. ಚಾರ್ಜ್ ಆಗುವಾಗ, ವಿಶೇಷವಾಗಿ ಹಳೆಯದಾದ ಬ್ಯಾಟರಿ, ಹೈಡ್ರೋಜನ್ ಬಿಡುತ್ತದೆ. ಎಲೆಕ್ಟ್ರೊಕೆಮಿಕಲ್ ಸೆನ್ಸರ್ ಅದನ್ನು ಕಾರ್ಬನ್ ಮೊನಾಕ್ಸೈಡ್ ಎಂದೇ ಓದಬಹುದು. ಆದರೆ ಇದನ್ನು ತೀರ್ಮಾನಿಸಬೇಕಾದದ್ದು ಎಲ್ಲರೂ ಹೊರಬಂದು, ಗಾಳಿ ಅಳೆದ ಮೇಲೆ. ಹೈಡ್ರೋಜನ್ ಹೊತ್ತಿಕೊಳ್ಳುವ ಅನಿಲವಾದ್ದರಿಂದ ಆ ಬ್ಯಾಟರಿಯೂ ಗಾಳಿಯಾಡುವ ಜಾಗಕ್ಕೆ ಹೋಗಬೇಕು, ಕೆಟ್ಟಿದ್ದರೆ ಬದಲಾಗಬೇಕು. ಬಣ್ಣ, ವಾರ್ನಿಶ್, ಥಿನ್ನರ್, ಸ್ಪ್ರೇ, ಸಿಲಿಕೋನ್ ಅಂಟಿನ ಆವಿ ಕೂಡ ಸೆನ್ಸರನ್ನು ಕೆರಳಿಸುತ್ತದೆ ಅಥವಾ ಕಾಯಂ ಕೆಡಿಸುತ್ತದೆ. ಮನೆಗೆ ಬಣ್ಣ ಹೊಡೆಸುವಾಗ ಡಿಟೆಕ್ಟರನ್ನು ಕಳಚಿ ಬೇರೆಡೆ ಇಟ್ಟು, ವಾಸನೆ ಹೋದ ಮೇಲೆ ಮರಳಿ ಹಾಕಿ. ಆ ದಿನಗಳಲ್ಲಿ ಮನೆಯೊಳಗೆ ಉರಿಯುವ ಯಾವುದನ್ನೂ ಹಚ್ಚದಿದ್ದರೆ ಒಳಿತು.

ಬೆಳಗಿನ ಜಾವ ಮಾತ್ರ ಬರುವ ಒಂಟಿ ಬೀಪ್‌ಗೆ ಕಾರಣ ಹೆಚ್ಚಾಗಿ ಚಳಿ. ಬ್ಯಾಟರಿಯ ವೋಲ್ಟೇಜ್ ತಂಪಿನಲ್ಲಿ ಇಳಿಯುತ್ತದೆ, ಬಿಸಿಲೇರಿದ ಮೇಲೆ ಸುಮ್ಮನಾಗುತ್ತದೆ. ಬ್ಯಾಟರಿ ಕಿತ್ತಿಟ್ಟು ನಿದ್ದೆ ಮಾಡಿ ಆಮೇಲೆ ಮರೆತುಬಿಡುವುದು ಎಲ್ಲ ಮನೆಗಳಲ್ಲೂ ನಡೆಯುತ್ತದೆ. ಹೆಚ್ಚುವರಿ ಬ್ಯಾಟರಿ ಮನೆಯಲ್ಲಿಟ್ಟುಕೊಳ್ಳುವುದೇ ಅದಕ್ಕೆ ಮದ್ದು.

ಪಾಲನೆ ಮತ್ತು ವಿದಾಯ

ತಿಂಗಳಿಗೊಮ್ಮೆ ಟೆಸ್ಟ್ ಗುಂಡಿ ಒತ್ತಿ, ಕೈಪಿಡಿ ವಾರಕ್ಕೊಮ್ಮೆ ಎಂದರೆ ಹಾಗೆಯೇ. ಜಾಲರಿಯ ದೂಳನ್ನು ವ್ಯಾಕ್ಯೂಮಿನ ಮೆತ್ತನೆ ಬ್ರಷ್‌ನಿಂದ ತೆಗೆಯಿರಿ. ಒದ್ದೆ ಬಟ್ಟೆ, ಸೋಪು, ಸ್ಪ್ರೇ ಬೇಡ. ಆಪ್‌ನಲ್ಲಿ 'ಆಫ್‌ಲೈನ್' ಎಂದು ಬಿದ್ದಿರುವ ಡಿಟೆಕ್ಟರ್ ಇದೆಯೇ ನೋಡಿ. ವೈಫೈ ಪಾಸ್‌ವರ್ಡ್ ಬದಲಿಸಿದ ಮರುದಿನ ಹೀಗಾಗುವುದು ಮಾಮೂಲು, ಆಪ್ ಮಾತ್ರ ಅದನ್ನು ಸದ್ದಿಲ್ಲದೆ ತೋರಿಸುತ್ತದೆ. ಹೊಸ ರೌಟರ್‌ಗೆ ಹಳೆಯ ಹೆಸರು ಮತ್ತು ಪಾಸ್‌ವರ್ಡನ್ನೇ ಇಟ್ಟರೆ ಮರುಜೋಡಣೆ ತಪ್ಪುತ್ತದೆ. ಸಿಗ್ನಲ್ ದುರ್ಬಲವಿರುವ ಜಾಗದಲ್ಲಿ ಬ್ಯಾಟರಿ ಬೇಗ ಮುಗಿಯುತ್ತದೆ. ಒಂದೇ ಡಿಟೆಕ್ಟರ್ ಪದೇ ಪದೇ ಬ್ಯಾಟರಿ ಕೇಳುತ್ತಿದ್ದರೆ ಅದು ರೌಟರಿನಿಂದ ಎಷ್ಟು ದೂರವಿದೆ ನೋಡಿ.

ಗೋಡೆಗೆ ಏರಿಸಿದ ದಿನವೇ ಬದಲಿಸಬೇಕಾದ ವರ್ಷವನ್ನು ಮಾರ್ಕರಿನಿಂದ ಡಿಟೆಕ್ಟರಿನ ಬದಿಯಲ್ಲಿ ದೊಡ್ಡದಾಗಿ ಬರೆದಿಡಿ. ಹಿಂಬದಿಯ ಪುಟ್ಟ ಅಕ್ಷರಗಳನ್ನು ಓದಲು ಯಾರೂ ಏಣಿ ಹತ್ತುವುದಿಲ್ಲ. ಆಯಸ್ಸು ಮುಗಿದ ಡಿಟೆಕ್ಟರ್‌ಗೆ ಹೊಸ ಬ್ಯಾಟರಿ ಹಾಕಿದರೆ ದೀಪ ಹೊತ್ತುತ್ತದೆ, ಟೆಸ್ಟ್ ಗುಂಡಿಗೆ ಕೂಗುತ್ತದೆ, ಅನಿಲಕ್ಕೆ ಮಾತ್ರ ಕೂಗದಿರಬಹುದು. ಅದನ್ನು ಆಪ್‌ನಿಂದಲೂ ಪೇರಿಂಗ್ ಗುಂಪಿನಿಂದಲೂ ತೆಗೆದುಹಾಕಿ ಇ-ತ್ಯಾಜ್ಯಕ್ಕೆ ಕೊಡಿ. ಹೊಸದನ್ನು ಗುಂಪಿಗೆ ಸೇರಿಸಿದ ಮೇಲೆ ಬಾಗಿಲು ಮುಚ್ಚಿ ಕೇಳುವ ಪರೀಕ್ಷೆಯನ್ನು ಮತ್ತೊಮ್ಮೆ ಮಾಡಿ.